ಇನ್ನೊಂದು ಕಾಲು

ಕ್ವೀನ್ಸ್‌ಟೌನಿನ ಬೆಟ್ಟಗಳಿಗೆ ಮರವಿಲ್ಲ.
ತಾಮ್ರ ಕಾಸಿದ ಹೊಗೆಗೆ ಹಿಂದೆಂದೋ ಬೋಳಾದವು,
ಇನ್ನೂ ತಲೆ ಮುಚ್ಚಿಕೊಂಡಿಲ್ಲ.
ನಮ್ಮ ಫುಟ್‌ಬಾಲ್ ಮೈದಾನದಲ್ಲೂ ಹುಲ್ಲಿಲ್ಲ, ಬರೀ ಜಲ್ಲಿ.
ಬಿದ್ದವರ ಮಂಡಿಯನ್ನು ಕೇಳಿ,
ಟಾಸ್ಮೇನಿಯದ ಈ ಮೂಲೆಯ ಚರಿತ್ರೆ ಹೇಳುತ್ತದೆ.

ಆಲ್ವಿನ್ ಟ್ರೆಗೆನ್ನನ ಎಡಮಂಡಿಯಲ್ಲಿ
ಚರ್ಮದಡಿ ಒಂದು ಹರಳು ಇನ್ನೂ ಇದೆ.
ಅದನ್ನು ಮುಟ್ಟಲು ನನಗೆ ಹನ್ನೊಂದು ವಾರ ಹಿಡಿಯಿತು.

ಗಣಿ ಮುಚ್ಚಿದ ಮೇಲೆ ಊರಲ್ಲಿ ಉಳಿದ ಕೆಲಸ ಎರಡು:
ಪ್ರವಾಸಿಗಳಿಗೆ ಹಳೇ ರೈಲು ತೋರಿಸುವುದು,
ಮುದುಕರಿಗೆ ಸ್ನಾನ ಮಾಡಿಸುವುದು.
ನನಗೆ ರೈಲಿನ ಹೊಗೆ ಆಗದು.

ಮೊದಲ ದಿನ ಬಾಗಿಲನ್ನು ಒಂದು ಗೇಣು ತೆರೆದು
"ನಿನಗಿಂತ ಮುಂಚೆ ಮೂವರು ಬಂದಿದ್ದರು" ಎಂದ.
"ನಾಲ್ಕನೆಯವಳು ನಾನು, ಕೆರಿನ್" ಎಂದೆ.
ತವರಿನ ಹೆಸರು ಹೇಳಲಿಲ್ಲ.
ಎದೆಯ ಬಿಲ್ಲೆಯಲ್ಲಿ ಗಂಡನ ಹೆಸರಿತ್ತು, ಬಚಾವಾದೆ.

ಕಡತದಲ್ಲಿ ಬರೆದಿತ್ತು:
ಸ್ನಾನ, ಒಲ್ಲ. ಉಗುರು, ಒಲ್ಲ. ಮಾತು, ಒರಟು.
ವಿಶ್ವಾಸ ಗಳಿಸಿ ಎಂದಿದ್ದರು ತರಬೇತಿಯಲ್ಲಿ.
ಸಂಬಳ ಗಳಿಸಿದ ಹಾಗೆ ಅಂದುಕೊಂಡಿದ್ದೆ,
ಇಂತಿಷ್ಟು ಗಂಟೆಗೆ ಇಂತಿಷ್ಟು.

ಹಾಗಲ್ಲ ಅದು.
ಮಂಗಳವಾರ ಏಳಕ್ಕೆ ಬರುತ್ತೇನೆಂದರೆ
ಮಂಗಳವಾರ ಏಳಕ್ಕೇ ಬರುವುದು.
ಒಳಗಿಂದ ಕೆಮ್ಮು ಕೇಳುವವರೆಗೆ
ಹೊಸ್ತಿಲಾಚೆ ನೆನೆಯುತ್ತ ನಿಲ್ಲುವುದು.
ಟೀ ಮಾಡಿಕೊಡುವುದು;
ನೀನೂ ಕುಡಿ ಎಂದರೆ ಮಾತ್ರ ಕುಡಿಯುವುದು.
ಅವನ ಹೆಂಡತಿಯ ಕುರ್ಚಿಯಲ್ಲಿ ಕೂರದಿರುವುದು.
ಯಾರೂ ಹೇಳಿರಲಿಲ್ಲ; ಮೆತ್ತೆಯ ಮೇಲೆ ಅವಳ ಕನ್ನಡಕವಿತ್ತು.
ತಟ್ಟೆ ಒಡೆದರೆ ಒಡೆದೆನೆಂದು ಹೇಳುವುದು.

ಒಡೆದೆ, ಐದನೆಯ ವಾರ. ನೀಲಿ ಅಂಚಿನದು.
ಚೂರುಗಳನ್ನು ಬುಟ್ಟಿಗೆ ಹಾಕದೆ ಮೇಜಿನ ಮೇಲಿಟ್ಟೆ.
ಬಹಳ ಹೊತ್ತು ನೋಡಿದ.
"ನನಗೂ ಅದು ಸೇರುತ್ತಿರಲಿಲ್ಲ" ಎಂದ.
ಅಂದು ಉಗುರು ಕೊಟ್ಟ. ಬಲಗೈ ಮಾತ್ರ.

ಆದರೆ ನಾನೇನೂ ಎಲ್ಲವನ್ನೂ ಮೇಜಿನ ಮೇಲಿಟ್ಟಿರಲಿಲ್ಲ.
ಗಣಿಯ ಪಾಳಿ ಮೇಸ್ತ್ರಿಯಾಗಿದ್ದವನು ಇವನು.
ಕಪ್ಪು ರಟ್ಟಿನ ಪುಸ್ತಕದಲ್ಲಿ ಒಂದು ರಾತ್ರಿ
"ಪಾಳಿಯಲ್ಲಿ ನಿದ್ದೆ" ಎಂದು ನನ್ನಪ್ಪನ ಹೆಸರು ಬರೆದವನು.
ಅಪ್ಪ ಆಮೇಲೆ ಹದಿನೇಳು ವರ್ಷ ಬದುಕಿದ,
ಗೋದಾಮಿನಲ್ಲಿ ಮೂಟೆ ಎಣಿಸುತ್ತ,
ಭಾನುವಾರ ಮಧ್ಯಾಹ್ನವೂ ಕಣ್ಣು ಮುಚ್ಚದೆ,
ಯಾರಾದರೂ ನೋಡಿಯಾರೆಂದು.

ಟವೆಲನ್ನು ಹೀಟರಿನ ಮೇಲೆ ಹರವುವಾಗ
ಒಂದೆರಡು ಸಲ, ಬೇಕೆಂದೇ, ತಣ್ಣಗೆ ಬಿಡೋಣ ಅನಿಸಿತ್ತು.
ಬಿಡಲಿಲ್ಲ. ಟವೆಲು ಮಾಡಿದ ತಪ್ಪೇನು?

ಹನ್ನೊಂದನೆಯ ವಾರ, ಬಚ್ಚಲಿನ
ಚಿಲಕ ಬಿದ್ದ ಸದ್ದು ಕೇಳಲಿಲ್ಲ.
ಕಾದೆ. ತಟ್ಟಿದೆ. ಕೆಮ್ಮಿದ.
ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದ,
ನೂರಿಪ್ಪತ್ತು ಜನರನ್ನು ನೆಲದೊಳಗೆ ಇಳಿಸುತ್ತಿದ್ದ ಮನುಷ್ಯ.

"ಈಗ ಬೆನ್ನಿಗೆ ನೀರು" ಎಂದೆ, ಆಮೇಲೆ ಹಾಕಿದೆ.
"ಈಗ ಭುಜ." "ಈಗ ಮಂಡಿ."
ಸೋಪಿನ ನೊರೆಯಡಿ ಬೆರಳಿಗೆ ಸಿಕ್ಕಿತು, ಹುರುಳಿಕಾಳಿನಷ್ಟು.
"ಐವತ್ತೊಂಬತ್ತನೇ ಇಸವಿ. ಫೈನಲ್" ಎಂದ.
ಸೋತಿದ್ದರಂತೆ.

ಆಮೇಲೆ ಗೋಡೆಗೇ ಹೇಳಿದ:
"ನೀನು ಹಾರ್ಕಟ್‌ನ ಮಗಳು.
ಕಪ್ಪಿಗೆ ಹಾಲು ಮೊದಲು ಹಾಕುತ್ತೀಯ, ಅವನ ಹಾಗೆ.
ಮೊದಲ ವಾರವೇ ಗೊತ್ತಾಯಿತು."

ನೀರು ನಿಲ್ಲಿಸಿದೆ.

"ಅವನು ನಿದ್ದೆ ಮಾಡಿರಲಿಲ್ಲ.
ಎರಡು ಹೆಸರು ಬೇಕೆಂದು ಮೇಲಿನಿಂದ ಹೇಳಿದ್ದರು.
ನನಗೆ ಒಬ್ಬನೇ ಸಿಕ್ಕಿದ್ದ."

ನಲ್ಲಿ ತೊಟ್ಟಿಕ್ಕುತ್ತಿತ್ತು.
ಇಷ್ಟು ವಾರ ಇವನು ನನ್ನನ್ನು ಅಳೆಯುತ್ತಿದ್ದಾನೆಂದಿದ್ದೆ;
ಗೊತ್ತಿದ್ದೂ ಇವನು, ಹಾರ್ಕಟ್‌ನ ಮಗಳ ಕತ್ತರಿಗೆ
ಬೆರಳು ಕೊಟ್ಟು ಕೂತಿದ್ದ.

ಕ್ಷಮಿಸಿದೆ ಅನ್ನಲಿಲ್ಲ. ಆ ಮಾತು ಅಪ್ಪನ ಪಾಲಿನದು,
ಬೆಟ್ಟದ ಬುಡದಲ್ಲಿ ಕೊನೆಗೂ ಕಣ್ಣು ಮುಚ್ಚಿ ಮಲಗಿದ್ದಾನೆ.
ನನ್ನ ಕೈಲಿದ್ದದ್ದು ಟವೆಲು. ಬೆಚ್ಚಗಿತ್ತು.
ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿದೆ,
ತೇವ ಉಳಿದರೆ ಹುಣ್ಣಾಗುತ್ತದೆ.

"ಇನ್ನೊಂದು ಕಾಲು" ಎಂದೆ.
ಕೊಟ್ಟ.